ಯಾವ ಕೆರೆಯ ಕೆಸರು ಹೇಳಿತು?

ಮಳೆ ಕೈಕೊಟ್ಟಿದ್ದಕ್ಕೇ ಹರಪ್ಪದ ನಗರಗಳು ಹಾಳಾದವು ಎಂದು ಯಾರಾದರೂ ಒಂದೇ ಉಸಿರಿನಲ್ಲಿ ಹೇಳಿದರೆ ನಾನು ತಕ್ಷಣ ಕೇಳುವುದು: ಯಾವ ಕೆರೆ ಹೇಳಿತು?

ಕೆರೆ ಕೆಸರಿನಲ್ಲಿ ಪರಾಗ ಹುಡುಕುವುದು ನನ್ನ ಕೆಲಸ. ಪೈಪ್ ಇಳಿಸಿ ತೆಗೆದ ಕೆಸರನ್ನು ಉದ್ದಕ್ಕೆ ಸೀಳಿದಾಗ ಎಷ್ಟೋ ಸಲ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯುತ್ತದೆ. ಪೈಪಿಗೆ ತಾಗಿದ ಹೊರಮೈಯನ್ನು ಹೆರೆದು ಎಸೆಯುತ್ತೇವೆ. ಪೈಪ್ ಇಳಿಯುವಾಗ ಮೇಲಿನ ಕೆಸರನ್ನು ಕೆಳಗಿನ ಪದರಕ್ಕೆ ಬಳಿದಿರುತ್ತದೆ, ಅದಕ್ಕೆ. ಆಮೇಲೆ ಒಂದೊಂದು ಸೆಂಟಿಮೀಟರಿನ ಬಿಲ್ಲೆಗಳಾಗಿ ಕತ್ತರಿಸುತ್ತೇವೆ. ಆಸಿಡ್ಡಿನಲ್ಲಿ ಸುಣ್ಣ ಕರಗುತ್ತದೆ, ಮರಳೂ ಕರಗುತ್ತದೆ, ಪರಾಗದ ಹೊರಕವಚ ಮಾತ್ರ ಉಳಿಯುತ್ತದೆ. ಜೊಂಡಿನ ಪರಾಗ ಜಾಸ್ತಿ ಸಿಕ್ಕರೆ ಅಂಚಿನಲ್ಲಿ ನೀರು ನಿಂತಿತ್ತು ಅಂತ ಲೆಕ್ಕ. ದಂಟಿನ ಸೊಪ್ಪು, ಚಕ್ಕೋತ ಸೊಪ್ಪಿನ ಬಳಗದ ಪರಾಗ ಗಾಲ್ಫ್ ಚೆಂಡಿನ ಹಾಗೆ ಮೈತುಂಬಾ ಗುಳಿ ಇರುವಂಥದ್ದು. ಅದು ಹೆಚ್ಚಾದರೆ ನೆಲ ಒಣಗಿ ಉಪ್ಪಾಗಿತ್ತೇ ಎಂದು ನೋಡಬೇಕು.

ರಾಜಸ್ಥಾನದ ಸಾಂಭರ್, ಡೀಡ್ವಾನಾ, ಲೂಣಕರಣ್‌ಸರ್ ಉಪ್ಪುಕೆರೆಗಳಲ್ಲಿ ಗುರುದೀಪ್ ಸಿಂಗ್ ಮತ್ತು ಸಂಗಡಿಗರು ಮಾಡಿದ ಪರಾಗದ ಕೆಲಸ 1974ರಲ್ಲಿ ಪ್ರಕಟವಾಯಿತು. ಹರಪ್ಪದ ಕಾಲದಲ್ಲಿ ಮಳೆ ಚೆನ್ನಾಗಿತ್ತು, ಆಮೇಲೆ ಒಣಗಿತು ಎಂಬ ಕಥೆಗೆ ಬಲ ಬಂದದ್ದು ಅಲ್ಲಿಂದ. 1999ರಲ್ಲಿ ಎನ್ಜೆಲ್ ಮತ್ತು ಜೊತೆಗಾರರು ಅದೇ ಲೂಣಕರಣ್‌ಸರ್‌ನ ಪದರಗಳಿಗೆ ರೇಡಿಯೊಕಾರ್ಬನ್ ವಿಧಾನದಲ್ಲಿ, ಅಂದರೆ ಪದರದಲ್ಲಿ ಉಳಿದ ಇಂಗಾಲ ಅಳೆದು, ಹೊಸದಾಗಿ ಕಾಲ ಕಟ್ಟಿದರು. ಕೆರೆ ಪೂರ್ತಿ ಬತ್ತಿದ ಸುಮಾರು ಸಾವಿರ ವರ್ಷದ ನಂತರ ಹರಪ್ಪದ ದೊಡ್ಡ ನಗರಗಳು ಬೆಳೆದಿದ್ದವು! ಪದರ ಎಷ್ಟೇ ಸ್ಪಷ್ಟವಾಗಿರಲಿ, ಕಾಲ ತಪ್ಪಿದರೆ ಇಡೀ ಕಥೆ ತಿರುಗಿಬೀಳುತ್ತದೆ.

ಹಾಗಾದರೆ ಬರಕ್ಕೂ ಅವನತಿಗೂ ಸಂಬಂಧವೇ ಇಲ್ಲವಾ? ಹಾಗೂ ಹೇಳುವಂತಿಲ್ಲ. ಹರಿಯಾಣದ ಕೋಟ್ಲಾ ದಹರ್ ಈಗ ಒಣಗಿದ ಕೆರೆ. ಅಲ್ಲಿಯ ಹೂಳಿನಲ್ಲಿ ಮೆಲನಾಯ್ಡಿಸ್ ಎಂಬ ಉದ್ದ ಚೂಪು ಸುರುಳಿಯ ಬಸವನಹುಳುವಿನ ಚಿಪ್ಪುಗಳಿವೆ. ನೀರು ಆವಿಯಾಗುವಾಗ ಹಗುರ ಆಕ್ಸಿಜನ್ ಮೊದಲು ಹಾರುತ್ತದೆ, ಭಾರದ್ದು ಉಳಿಯುತ್ತದೆ, ಅದೇ ಚಿಪ್ಪಿಗೂ ಸೇರುತ್ತದೆ. ಸುಮಾರು 4,100 ವರ್ಷಗಳ ಹಿಂದೆ ಈ ಭಾರದ ಆಕ್ಸಿಜನ್ ಒಮ್ಮೆಲೇ ಏರಿದೆ. 2014ರಲ್ಲಿ ದೀಕ್ಷಿತ್, ಹೊಡೆಲ್, ಪೆಟ್ರಿ ಇದನ್ನು ಮುಂಗಾರು ದುರ್ಬಲವಾದ ಗುರುತು ಎಂದು ಓದಿದರು. ನಗರಗಳು ಖಾಲಿಯಾಗತೊಡಗಿದ್ದು ಹೆಚ್ಚುಕಡಿಮೆ ಅದೇ ಹೊತ್ತಿಗೆ.

ಒಂದು ಕೆರೆ ಮರುಭೂಮಿಯ ಒಳಗೆ, ಇನ್ನೊಂದು ಪೂರ್ವದ ಬಯಲಿನ ಕಡೆ. ಎರಡನ್ನೂ ಕಲಸಿ ಒಂದೇ ಕಥೆ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಮಳೆ ಇಡೀ ನಾಡಿಗೆ ಒಂದೇ ದಿನ ನಿಂತುಹೋಗುವುದಿಲ್ಲ, ಅಲ್ವಾ? ನದಿ ನೀರನ್ನು ನಂಬಿದ ಊರಿಗೆ ಪಕ್ಕದ ಕೆರೆ ಬತ್ತಿದರೂ ಬದುಕು ಸಾಗಿರಬಹುದು.

ಆ ಬಸವನಹುಳು ನಮ್ಮ ಕೆರೆಗಳಲ್ಲೂ ಇದೆ. ಹೂಳೆತ್ತಿ ಹೊಲಕ್ಕೆ ಹೊಡೆಯುವ ವಾಡಿಕೆ ಹಳೆಯದು, ಹಾಗಾಗಿ ನಮ್ಮಲ್ಲಿ ಪದರ ಕಲಕದ ಕೆರೆ ಸಿಗುವುದೇ ಕಷ್ಟ. ನಿಮ್ಮೂರಲ್ಲಿ ಎಂದೂ ಹೂಳೆತ್ತದ ಕೆರೆ ಇದ್ದರೆ ದಯವಿಟ್ಟು ಜೆಸಿಬಿ ಇಳಿಯುವ ಮೊದಲೇ ನನಗೆ ತಿಳಿಸಿ. ಅಲ್ಲಿಂದ ಒಂದು ಪೈಪಿನಷ್ಟು ಕೆಸರು ಸಿಕ್ಕರೆ ಸಾಕು.