ಹಳ್ಳದ ಕಲ್ಲು ಮಗುಚದೆ ಬರೆದ ವರದಿ

ಮೂಡಿಗೆರೆ ಕಡೆಯಿಂದ ಹರಿದು ಹೇಮಾವತಿಗೆ ಸೇರುವ ಸಣ್ಣ ಹಳ್ಳ ಅದು. ಜನವರಿ, ಅರೇಬಿಕಾ ಕಾಫಿಯ ಕುಯ್ಲು ಮುಗಿಯುತ್ತಾ ಬಂದಿತ್ತು. ಮೀನು ಸಾಯುತ್ತಿವೆ ಅಂತ ಕೆಳಗಿನ ಊರಿನವರು ದೂರು ಕೊಟ್ಟಿದ್ದರು. ನೀರು ಪರೀಕ್ಷೆ ನನ್ನ ಕೆಲಸ. ಮಧ್ಯಾಹ್ನ 12ಕ್ಕೆ ಬಾಟಲಿ ತುಂಬಿಸಿದೆ. ಕರಗಿದ ಆಮ್ಲಜನಕ ಲೀಟರಿಗೆ 6 ಮಿಲಿಗ್ರಾಂಗಿಂತ ಮೇಲಿತ್ತು. ‘ನೀರು ಸರಿಯಿದೆ’ ಎಂದು ಬರೆದುಕೊಟ್ಟೆ. ಮತ್ತೊಮ್ಮೆ ಹೋದಾಗಲೂ ಅದೇ ಹೊತ್ತು, ಅದೇ ಉತ್ತರ.

ಹಳ್ಳದ ದಡದ ಗದ್ದೆಯ ಅಜ್ಜರೊಬ್ಬರು ಹೇಳಿದರು: ‘ನೀವು ಬರೋದು ಮಧ್ಯಾಹ್ನ ಸಾರ್. ಪಲ್ಪರ್ ಓಡೋದು ರಾತ್ರಿ.’

ಹಗಲೆಲ್ಲ ಕುಯ್ದ ಕಾಫಿ ಹಣ್ಣಿನ ಸಿಪ್ಪೆಯನ್ನು ಸಂಜೆ ಮೇಲೆ ಪಲ್ಪರ್ ಯಂತ್ರದಲ್ಲಿ ನೀರು ಹಾಕಿ ಸುಲಿಯುತ್ತಾರೆ, ಆ ಕೊಳೆ ನೀರು ಹಳ್ಳಕ್ಕೆ ಬರುತ್ತದೆ ಎನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಹೊಳೆದಿರಲಿಲ್ಲ.

ಮಾರನೇ ದಿನ ಬೆಳಗಿನ ಜಾವ 5ಕ್ಕೆ ಹೋದೆ. ದಡದಲ್ಲೇ ಹುಳಿ ನಾತ. ಬಾಟಲಿಗೆ ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರದ ದ್ರಾವಣ ಹಾಕಿದೆ. ಆಮ್ಲಜನಕ ಇದ್ದರೆ ಕಂದು ಗಸಿ ಕೂರಬೇಕು. ಕೂತದ್ದು ಬೆಳ್ಳಗಿನ ಗಸಿ. ಅಷ್ಟು ವರ್ಷಗಳಲ್ಲಿ ಹರಿಯುವ ಹಳ್ಳದಲ್ಲಿ ನಾನು ಅದನ್ನು ನೋಡಿದ್ದು ಅದೇ ಮೊದಲು.

ಕಾಫಿ ಬೀಜದ ಮೇಲಿನ ಲೋಳೆಯಲ್ಲಿ ಸಕ್ಕರೆ, ಪೆಕ್ಟಿನ್ ಇರುತ್ತವೆ. ಅವು ನೀರಿಗೆ ಬಿದ್ದರೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ತಿನ್ನುತ್ತಾ ಅವು ಆಮ್ಲಜನಕವನ್ನೂ ಖಾಲಿ ಮಾಡುತ್ತವೆ. ಹಗಲಲ್ಲಾದರೆ ಪಾಚಿ ಒಂದಿಷ್ಟು ತುಂಬಿಕೊಡುತ್ತದೆ. ರಾತ್ರಿ ಪಾಚಿಯೂ ಉಸಿರಾಡುತ್ತದೆಯೇ ಹೊರತು ಕೊಡುವುದಿಲ್ಲ. ಜನವರಿಯಲ್ಲಿ ಹಳ್ಳದ ಹರಿವೂ ಕಡಿಮೆ, ಕೊಳೆ ತೆಳುವಾಗುವುದಿಲ್ಲ. ಮೀನಿಗೆ ಉಸಿರು ಕಟ್ಟಲು ಒಂದು ರಾತ್ರಿ ಸಾಕು. ನಾನು ಹೋಗುವ ಹೊತ್ತಿಗೆ ಆ ನೀರು ಕೆಳಗೆ ಹರಿದುಹೋಗಿರುತ್ತಿತ್ತು.

ಬೆಳಕಾದ ಮೇಲೆ ಪಲ್ಪರ್ ನೀರು ಸೇರುವ ಜಾಗಕ್ಕಿಂತ ಮೇಲೆ ಹೋಗಿ ಒಂದು ಕಲ್ಲು ಮಗುಚಿದೆ. ಕಲ್ಲಿನಡಿ ಮೂರು ಬಾಲದ ಮೇಫ್ಲೈ ಮರಿಗಳು, ಹೊಟ್ಟೆಯ ಪಕ್ಕದ ಕಿವಿರು ಬೀಸುತ್ತಿದ್ದವು. ಎರಡು ಬಾಲದ ಸ್ಟೋನ್‌ಫ್ಲೈ ಮರಿಯೂ ಇತ್ತು. ಮರಳಿನ ಕಾಳು ಅಂಟಿಸಿ ಗೂಡು ಕಟ್ಟಿಕೊಂಡ ಕ್ಯಾಡಿಸ್ ಹುಳುಗಳಿದ್ದವು. ಇವೆಲ್ಲ ಹೆಚ್ಚಾಗಿ ಆಮ್ಲಜನಕ ಚೆನ್ನಾಗಿರುವ ನೀರಲ್ಲಿ ಬದುಕುವ ಕೀಟಗಳ ಮರಿಗಳು. ಕೆಳಗೆ ಬಂದು ಮಗುಚಿದರೆ ನೆನೆದ ಹತ್ತಿಯಂಥ ಬೂದು ಲೋಳೆ, ಅದರೊಳಗೆ ಕೆಂಪು ಹುಳುಗಳು, ಅಷ್ಟೇ. ಅವುಗಳ ಮೈಯಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಆಮ್ಲಜನಕ ತೀರಾ ಕಡಿಮೆಯಾದರೂ ಬದುಕುತ್ತವೆ. ಇಪ್ಪತ್ತು ಕಲ್ಲು ಮಗುಚಿದರೂ ಒಂದೇ ಒಂದು ಮೇಫ್ಲೈ ಸಿಗಲಿಲ್ಲ.

ಬಾಟಲಿ ಆ ಒಂದು ಗಳಿಗೆಯ ನೀರನ್ನಷ್ಟೇ ಹೇಳುತ್ತದೆ. ಈ ಮರಿಗಳು ರೆಕ್ಕೆ ಬರುವವರೆಗೆ ವಾರ, ತಿಂಗಳುಗಟ್ಟಲೆ ಅಲ್ಲೇ ಇರುವಂಥವು. ರಾತ್ರಿ ಏನಾಯಿತು ಎಂದು ಅವುಗಳಿಗೆ ಗೊತ್ತು. ನನ್ನ ಎರಡು ವರದಿಗಳನ್ನು ಹಿಡಿದು ಆ ಊರಿನವರ ಮಾತನ್ನು ಯಾರೂ ನಂಬಿರಲಿಲ್ಲ. ಅದು ಈಗಲೂ ನನ್ನನ್ನು ಚುಚ್ಚುತ್ತದೆ. ಹಳೆಯ ವರದಿ ತಪ್ಪೆಂದು ನಾನೇ ಬರೆದುಕೊಟ್ಟೆ. ಈಗ ಕಲ್ಲು ಮಗುಚದೆ ಬಾಟಲಿ ತೆರೆಯುವುದಿಲ್ಲ. ದೂರು ಬಂದರೆ ಒಂದು ಸ್ಯಾಂಪಲ್ ಸೂರ್ಯ ಹುಟ್ಟುವ ಮುಂಚೆಯೇ ಆಗಬೇಕು. ಹೊಸಬರಿಗೆ ಮೊದಲು ಕೊಡುವುದು ಈ ಮರಿಗಳನ್ನು ಹಿಡಿದು ನೋಡಲು ಬಲೆ ಮತ್ತು ಬಿಳಿ ಟ್ರೇ.

ಪಲ್ಪರ್ ಓಡಿಸುತ್ತಿದ್ದ ಕಾಫಿ ತೋಟದವರು ಆಮೇಲೆ ತೊಟ್ಟಿ ಕಟ್ಟಿ, ಸುಣ್ಣ ಹಾಕಿ, ನೀರನ್ನು ಅಲ್ಲೇ ನಿಲ್ಲಿಸತೊಡಗಿದರು. ಎರಡು ಮಳೆಗಾಲ ಕಳೆದಿವೆ. ಮೇಲಿನಿಂದ ತೇಲಿ ಬಂದ ಮೇಫ್ಲೈ ಮರಿಗಳು ಕೆಳಗಿನ ಕಲ್ಲುಗಳಲ್ಲೂ ಈಗ ಸಿಗುತ್ತಿವೆ. ಸ್ಟೋನ್‌ಫ್ಲೈ ಇನ್ನೂ ಬಂದಿಲ್ಲ. ಪ್ರತಿ ಜನವರಿಯಲ್ಲೂ ಹೋಗಿ ಹುಡುಕುತ್ತೇನೆ.