ದಾಸರ ಪದಕ್ಕೆ ಬಂದ ನೋಟಿಸು

ಪುರಂದರದಾಸರು ಕಾಲವಾಗಿ ನಾಲ್ಕೂವರೆ ಶತಮಾನ ದಾಟಿದೆ. ಆದರೂ ಅವರ ಪದವೊಂದನ್ನು ನನ್ನ ಪಾಡ್‌ಕಾಸ್ಟ್‌ನಲ್ಲಿ ಹಾಕಿದ್ದಕ್ಕೆ ಹಕ್ಕುಸ್ವಾಮ್ಯದ ನೋಟಿಸು ಬಂತು. ಹಾಡಿದ್ದು ನನ್ನ ಸೋದರತ್ತೆ, ತಮ್ಮ ಮನೆಯ ನಡುಮನೆಯಲ್ಲಿ ಕುಳಿತು, ಶ್ರುತಿಪೆಟ್ಟಿಗೆಯೂ ಇಲ್ಲದೆ. ಹಾಡುಗಳನ್ನು ಹೋಲಿಸಿ ನೋಡುವ ಯಂತ್ರಕ್ಕೆ ಅದು ಯಾವುದೋ ಸಂಗೀತ ಕಂಪನಿಯ ಧ್ವನಿಮುದ್ರಿಕೆಯಂತೆ ಕೇಳಿಸಿತು. ಬೆಳಗಾಗುವಷ್ಟರಲ್ಲಿ ಸಂಚಿಕೆ ಮಾಯ. ವಿಷಯ ತಿಳಿದ ಅತ್ತೆಗೆ ಒಳಗೊಳಗೇ ಹೆಮ್ಮೆ. ಕ್ಯಾಸೆಟ್ಟಿನವರೊಂದಿಗೆ ತಮ್ಮ ಕಂಠ ಹೋಲುತ್ತದೆಂದು ಯಂತ್ರವೇ ಒಪ್ಪಿಕೊಂಡಿತಲ್ಲ!

ನನಗೆ ಮಾತ್ರ ಉರಿಯಿತು. ನಮ್ಮ ಕಾನೂನಿನಲ್ಲಿ ಸಾಹಿತ್ಯ ಕೃತಿಯ ಹಕ್ಕುಸ್ವಾಮ್ಯ ಕೃತಿಕಾರ ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಧ್ವನಿಮುದ್ರಿಕೆಯದು ಅದು ಪ್ರಕಟವಾದ ಮೇಲೆ 60 ವರ್ಷ. ಕಂಪನಿಗೆ ತನ್ನ ಮುದ್ರಿಕೆಯ ಮೇಲೆ ಹಕ್ಕಿರಬಹುದು, ದಾಸರ ಸಾಹಿತ್ಯದ ಮೇಲಿಲ್ಲ, ಅತ್ತೆಯ ಗಂಟಲಿನ ಮೇಲಂತೂ ಇಲ್ಲವೇ ಇಲ್ಲ. ಇದನ್ನೆಲ್ಲ ವಿವರಿಸಿ ಆಕ್ಷೇಪಣೆ ಬರೆದೆ. ‘ಪರಿಶೀಲಿಸಿದ್ದೇವೆ, ನಿರ್ಧಾರ ಬದಲಾಗದು’ ಎಂಬ ಉತ್ತರ, ಅವರು ನನ್ನ ಪತ್ರ ಓದಿ ಮುಗಿಸುವ ಮುನ್ನವೇ ಬಂದಂತಿತ್ತು. ಸ್ವಭಾವತಃ ನಾನು ಜಗಳಗಂಟ. ಆದರೆ ಜಗಳವಾಡಲು ಎದುರಿಗೆ ಒಬ್ಬರಾದರೂ ಬೇಕಲ್ಲ.

ಕನ್ನಡದಲ್ಲಿ ಸ್ವಂತ ಖರ್ಚಿನಿಂದ ಪಾಡ್‌ಕಾಸ್ಟ್ ನಡೆಸುವ ನಮ್ಮದೊಂದು ವಾಟ್ಸ್‌ಆ್ಯಪ್ ಗುಂಪಿದೆ. ಅಲ್ಲಿ ಗೋಳು ತೋಡಿಕೊಂಡ ಮೇಲೆ ಗೊತ್ತಾಯಿತು, ಇಂಥ ಗಾಯ ಎಲ್ಲರ ಮೈಮೇಲೂ ಇದೆ. ಒಮ್ಮೆ ಮುಖಾಮುಖಿ ಕೂರೋಣ ಎಂದಾಯಿತು. 2024ರ ಆಗಸ್ಟ್ ಕೊನೆಯ ಒಂದು ಭಾನುವಾರ, ಗಾಂಧಿ ಬಜಾರಿನಲ್ಲಿ ಗೆಳೆಯರೊಬ್ಬರ ಮಹಡಿ ಮನೆಯಲ್ಲಿ ಸೇರಿದೆವು. ವರ್ಷಗಟ್ಟಲೆ ಕಿವಿಯಲ್ಲಿ ಕೇಳಿದ ಧ್ವನಿಗಳಿಗೆ ಮುಖ ಜೋಡಿಸಿಕೊಳ್ಳುವುದರಲ್ಲೇ ಮೊದಲ ಕಾಫಿ ಮುಗಿಯಿತು.

ಸೇರಲು ಇನ್ನೊಂದು ಕಾರಣವೂ ಇತ್ತು. ಕೇಂದ್ರದ ಪ್ರಸಾರ ಸೇವೆಗಳ ನಿಯಂತ್ರಣ ಮಸೂದೆಯ ಕರಡು 2023ರ ನವೆಂಬರಿನಲ್ಲಿ ಪ್ರಕಟವಾಗಿತ್ತು. ಅಂತರಜಾಲದಲ್ಲಿ ಸುದ್ದಿ, ಪ್ರಚಲಿತ ವಿದ್ಯಮಾನಗಳನ್ನು ವ್ಯವಸ್ಥಿತ ವ್ಯವಹಾರವಾಗಿ ಪ್ರಸಾರ ಮಾಡುವ ವ್ಯಕ್ತಿಗಳೂ ಕಾರ್ಯಕ್ರಮ ಸಂಹಿತೆ (ಏನನ್ನು ಪ್ರಸಾರ ಮಾಡಬಹುದು ಎಂಬ ನಿಯಮಾವಳಿ) ಪಾಲಿಸಬೇಕೆಂದು ಅದರಲ್ಲಿತ್ತು. ಪರಿಷ್ಕೃತ ಕರಡು ಕೆಲವೇ ಕೆಲವರ ಕೈಗೆ ಮಾತ್ರ ಸಿಕ್ಕಿದೆಯೆಂದು 2024ರ ಜುಲೈನಲ್ಲಿ ವರದಿಯಾಗಿ ಗದ್ದಲವೆದ್ದಿತು. ಆಗಸ್ಟ್ 12ರಂದು ವಾರ್ತಾ ಮತ್ತು ಪ್ರಸಾರ ಸಚಿವಾಲಯ ಅಭಿಪ್ರಾಯ ಸಲ್ಲಿಸುವ ಗಡುವನ್ನು ಅಕ್ಟೋಬರ್ 15ರವರೆಗೆ ವಿಸ್ತರಿಸಿ, ಹೊಸ ಕರಡು ತರುವುದಾಗಿ ಹೇಳಿತು. ಪಂಚಾಯಿತಿ ಸಭೆಗಳ ಬಗ್ಗೆ ವಾರಕ್ಕೊಂದು ಸಂಚಿಕೆ ಮಾಡುವ ಶಿಕ್ಷಕಿಯೊಬ್ಬರು, ‘ನನ್ನದು ವ್ಯವಸ್ಥಿತ ವ್ಯವಹಾರವೋ, ಅವ್ಯವಸ್ಥಿತ ಹುಚ್ಚೋ?’ ಎಂದು ಕೇಳಿದರು. ನಕ್ಕೆವು. ಉತ್ತರ ಯಾರಲ್ಲೂ ಇರಲಿಲ್ಲ.

ಶಿರಸಿಯಿಂದ ಬಂದಿದ್ದ ಅಡಿಕೆ ಬೆಳೆಗಾರರ ಕಥೆಗೆ ಮಾತ್ರ ನಗು ಬರಲಿಲ್ಲ. ಕೊಳೆರೋಗ, ಬೋರ್ಡೋ ದ್ರಾವಣ, ಕೊನೆಗೌಡರ (ಮರವೇರಿ ಅಡಿಕೆ ಗೊನೆ ಕೊಯ್ಯುವವರ) ಕೂಲಿ ಎಂದು ತೋಟದ ಮಾತನ್ನು ತೋಟದವರ ಬಾಯಲ್ಲೇ ಕೇಳಿಸುತ್ತಿದ್ದವರು ಅವರು. ಉಚಿತವೆಂದು ನಂಬಿ ಎಲ್ಲವನ್ನೂ ಒಂದೇ ಆ್ಯಪ್‌ನಲ್ಲಿ ಇಟ್ಟಿದ್ದರು. ಆ ಕಂಪನಿ ಬಾಗಿಲು ಹಾಕಿತು. ಧ್ವನಿಕಡತಗಳ ಪ್ರತಿ ಅವರ ಬಳಿ ಇತ್ತು, ಕೇಳುಗರು ಇರಲಿಲ್ಲ. ಪಾಡ್‌ಕಾಸ್ಟ್‌ನ ಜೀವ ಇರುವುದು ಅದರ ಫೀಡ್ ವಿಳಾಸದಲ್ಲಿ. ಕೇಳುಗರ ಮೊಬೈಲು ಹೊಸ ಸಂಚಿಕೆ ಬಂತೇ ಎಂದು ಇಣುಕುವುದು ಅಲ್ಲಿಗೇ. ವಿಳಾಸ ಕಂಪನಿಯ ಹೆಸರಿನಲ್ಲಿದ್ದು, ಹೊಸ ಜಾಗಕ್ಕೆ ತಿರುಗಿಸುವ ವ್ಯವಸ್ಥೆಯನ್ನೂ ಮಾಡದೆ ಅದು ಹೊರಟುಹೋದರೆ, ಕೇಳುಗ ಖಾಲಿ ಬಾಗಿಲು ತಟ್ಟುತ್ತಲೇ ಇರುತ್ತಾನೆ. ಸರ್ಕಾರದ ಮಸೂದೆಗಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ಇದು. ಸ್ವಂತ ಡೊಮೇನ್ (ನಮ್ಮದೇ ಹೆಸರಿನ ಜಾಲವಿಳಾಸ), ಅದರಡಿಯಲ್ಲಿ ಫೀಡ್: ಅಂದು ಎಲ್ಲರೂ ತಕರಾರಿಲ್ಲದೆ ಒಪ್ಪಿದ್ದು ಇದೊಂದನ್ನೇ.

ಒಗ್ಗಟ್ಟಿನಿಂದ ಏನಾದೀತು ಎಂದು ಯಾರೋ ಗೊಣಗಿದಾಗ, ತಾಂತ್ರಿಕ ಕೆಲಸದಲ್ಲಿರುವ ಹುಡುಗನೊಬ್ಬ ಅಮೆರಿಕದ ಕಥೆ ತೆಗೆದ. ಪರ್ಸನಲ್ ಆಡಿಯೋ ಎಂಬ ಕಂಪನಿ, ಪಾಡ್‌ಕಾಸ್ಟಿಂಗ್ ತನ್ನ ಪೇಟೆಂಟು ಎಂದು ಹಣ ಕೇಳುತ್ತಿತ್ತು. 1990ರ ದಶಕದಲ್ಲಿ ಅದು ಮಾರಿದ್ದು ನಿಯತಕಾಲಿಕೆಗಳ ಲೇಖನ ಓದಿದ ಕ್ಯಾಸೆಟ್‌ಗಳನ್ನು! 2013ರಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎಂಬ ಡಿಜಿಟಲ್ ಹಕ್ಕುಗಳ ಸಂಸ್ಥೆ ಜನರಿಂದ ಚಂದಾ ಎತ್ತಿ ಆ ಪೇಟೆಂಟನ್ನು ಪ್ರಶ್ನಿಸಿತು. ಸಿಎನ್‌ಎನ್ ಮತ್ತು ಕೆನಡಾದ ಪ್ರಸಾರ ಸಂಸ್ಥೆ ಸಿಬಿಸಿ ಆ ಪೇಟೆಂಟ್ ಅರ್ಜಿಗೂ ಮೊದಲೇ ಅಂತರಜಾಲದಲ್ಲಿ ಕಂತುಗಳನ್ನು ಹಾಕಿದ್ದಕ್ಕೆ ಪುರಾವೆ ಒದಗಿಸಿತು. 2015ರಲ್ಲಿ ಪೇಟೆಂಟ್ ಕಚೇರಿಯ ಮಂಡಳಿ ಪ್ರಶ್ನಿಸಿದ ಅಂಶಗಳನ್ನು ಅಸಿಂಧುವೆಂದಿತು; ಮೇಲ್ಮನವಿಯಲ್ಲೂ ಅದೇ ನಿಂತಿತು. ಗೊಣಗಿದವರು ಇನ್ನೊಂದು ಬೋಂಡಾ ತೆಗೆದುಕೊಂಡರು.

ಮಧ್ಯಾಹ್ನದ ಊಟವಾದ ಮೇಲೆ ಸಭೆ ಬಿಸಿಯೇರಿತು. ಕುಂದಾಪುರ ಕಡೆಯ ಮಿತ್ರರೊಬ್ಬರು ತಾಳಮದ್ದಲೆಗಳನ್ನು ಧ್ವನಿಮುದ್ರಿಸಿ ಹಾಕುತ್ತಾರೆ. ವೇಷವಿಲ್ಲದೆ ಕುಳಿತು ನಡೆಸುವ ಯಕ್ಷಗಾನ ಅದು; ಭಾಗವತರು ಹಾಡುತ್ತಾರೆ, ಅರ್ಥಧಾರಿಗಳು ಪಾತ್ರಗಳಾಗಿ ಮಾತಾಡುತ್ತಾರೆ. ತಮ್ಮ ಸಂಚಿಕೆಗಳನ್ನು ಬೇರೆ ಚಾನೆಲ್‌ನವರು ಎತ್ತಿ ಹಾಕಿಕೊಂಡು ಜಾಹೀರಾತಿನ ಹಣ ಮಾಡುತ್ತಿದ್ದಾರೆ ಎಂಬುದು ಅವರ ದೂರು. ಸಲಹೆ ಕೊಡಲು ಬಂದಿದ್ದ ವಕೀಲೆ ಎಲ್ಲ ಕೇಳಿಸಿಕೊಂಡು, ‘ಸರ್, ಅರ್ಥಧಾರಿಗಳಿಂದ ನೀವು ಬರಹದಲ್ಲಿ ಒಪ್ಪಿಗೆ ತೆಗೆದುಕೊಂಡಿದ್ದೀರಾ?’ ಎಂದರು.

ಕೋಣೆ ಎರಡು ಪಾಳಯವಾಯಿತು. ಭಾಗವತರು ಹಾಡುವ ಪದ್ಯ ಹಳೆಯ ಪ್ರಸಂಗದ್ದು. ಆದರೆ ಕೃಷ್ಣನೂ ಕೌರವನೂ ಆಡುವ ಮಾತು ಆ ಕ್ಷಣಕ್ಕೆ ಹುಟ್ಟಿದ್ದು. ಅದೇ ಪ್ರಸಂಗವನ್ನು ಮರುದಿನ ಆಡಿದರೆ ಅದೇ ಮಾತು ಬಾರದು. ಅದು ಯಾರದು? ಹಕ್ಕುಸ್ವಾಮ್ಯ ಕಾಯ್ದೆಯ 38ನೆಯ ಸೆಕ್ಷನ್ ಪ್ರದರ್ಶಕರಿಗೆ 50 ವರ್ಷಗಳ ಹಕ್ಕು ಕೊಟ್ಟಿದೆ. 2012ರ ತಿದ್ದುಪಡಿ ಅದನ್ನು ಇನ್ನಷ್ಟು ಗಟ್ಟಿ ಮಾಡಿದೆ. ‘ಕಲಾವಿದರಿಗೆ ಪ್ರಚಾರ ಸಿಗುತ್ತದೆ, ಸಂತೋಷವೇ ಪಡುತ್ತಾರೆ’ ಎಂದು ಮಿತ್ರರು ವಾದಿಸಿದರು. ‘ನಿಮಗೂ ಆ ಚಾನೆಲ್‌ನಿಂದ ಪ್ರಚಾರ ಸಿಗುತ್ತಿದೆಯಲ್ಲ’ ಎಂದರು ಪಂಚಾಯಿತಿಯ ಶಿಕ್ಷಕಿ. ಖಾರವಾಗಿತ್ತು, ನ್ಯಾಯವಾಗಿಯೂ ಇತ್ತು. ನಾನು ಅವರ ಪಕ್ಷ. ನಮ್ಮ ಹಕ್ಕು ಕೇಳುವ ಯಾವುದೇ ಮನವಿಗೆ ಸಹಿ ಹಾಕುವ ಮೊದಲು, ಧ್ವನಿ ಕೊಟ್ಟವರಿಗಾಗಿ ಕನ್ನಡದಲ್ಲಿ ಒಂದು ಪುಟದ ಒಪ್ಪಿಗೆ ಪತ್ರ ಸಿದ್ಧಪಡಿಸುವುದೆಂದು ತೀರ್ಮಾನವಾಯಿತು.

ಸಂಘ ಕಟ್ಟುವ ಮಾತೂ ಬಂತು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಕನಿಷ್ಠ ಏಳು ಜನ ಬೇಕು. ಜನರಿದ್ದರು, ಅಧ್ಯಕ್ಷರು ಯಾರೆಂಬ ಪ್ರಶ್ನೆ ಬಂದೊಡನೆ ಎಲ್ಲರಿಗೂ ಬಸ್ಸಿನ ಸಮಯ ನೆನಪಾಯಿತು. ಸದ್ಯಕ್ಕೆ ಸಂಘ ಬೇಡ, ಒಬ್ಬರ ದೂರಿಗೆ ಎಲ್ಲರೂ ಸಹಿ ಹಾಕೋಣ ಎಂದಷ್ಟೇ ಉಳಿಯಿತು.

ಮೊದಲ ದೂರು ನನ್ನದೇ. 2021ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮಗಳ ಪ್ರಕಾರ ಅಂತರಜಾಲದ ವೇದಿಕೆಗಳು ಕುಂದುಕೊರತೆ ಅಧಿಕಾರಿಯ ಹೆಸರನ್ನು ಪ್ರಕಟಿಸಬೇಕು, ದೂರು ತಲುಪಿದ್ದನ್ನು 24 ಗಂಟೆಯೊಳಗೆ ತಿಳಿಸಬೇಕು. ಆ ಹೆಸರಿಗೇ ಎಲ್ಲರ ಸಹಿಯ ಪತ್ರ ಹೋಯಿತು. ಅತ್ತೆಯ ಸಂಚಿಕೆ ಮರಳಿ ಬಂತು. ಕಾರಣವೂ ಇಲ್ಲ, ಕ್ಷಮೆಯೂ ಇಲ್ಲ. ಪ್ರಸಾರ ಮಸೂದೆಯ ಬಗ್ಗೆಯೂ ಗಡುವಿನೊಳಗೆ ನಮ್ಮ ಅಭಿಪ್ರಾಯ ಕಳಿಸಿದೆವು.

ಒಪ್ಪಿಗೆ ಪತ್ರ ಮೊದಲು ಹೋದದ್ದು ಕುಂದಾಪುರದ ಹಿರಿಯ ಅರ್ಥಧಾರಿಯೊಬ್ಬರಿಗೆ. ಸಹಿ ಹಾಕಿದರು, ಜೊತೆಗೆ ‘ಸಮಯಕ್ಕೆ ತಕ್ಕಂತೆ ಮಾತನ್ನು ಸಂಕ್ಷೇಪಿಸಲಾಗುವುದು’ ಎಂಬ ಸಾಲನ್ನು ಹೊಡೆದುಹಾಕಿ, ‘ನನ್ನ ಮಾತನ್ನು ಎಲ್ಲಿಯೂ ಕತ್ತರಿಸಕೂಡದು’ ಎಂದು ಬರೆದರು. ವಕೀಲೆ ಓದಿ, ಅವರಿಗೆ ಹಾಗೆ ಕೇಳುವ ಅಧಿಕಾರವಿದೆ ಎಂದರು. ಆ ಸಂಚಿಕೆ ಈಗ ಮೂರೂವರೆ ಗಂಟೆಯದು.