ಇಸ್ತ್ರಿ ತಾಗುವ ಮೊದಲು ಕಲೆ ನೋಡಬೇಕು

ಮರುದಿನದ ಧಾರೆಗೆ ಉಡಬೇಕಾಗಿದ್ದ ಬಿಳಿ ಹತ್ತಿಯ ಪಂಚೆಯೊಂದು ಬೈಕಿನ ಎಂಜಿನ್ ಆಯಿಲ್ ಕಲೆಯೊಂದಿಗೆ ನಮ್ಮ ಡ್ರೈ ಕ್ಲೀನಿಂಗ್ ಅಂಗಡಿಗೆ ಬಂದಿತ್ತು. ಬಿಲ್ಲಿನಲ್ಲಿ ಕಲೆಯ ವಿವರ ಬರೆಯಲು ಜಾಗವೇ ಇಲ್ಲ; ಬಿಲ್ ಪುಸ್ತಕ ಬದಲಿಸಿ ಎಂದು ಮಾಲೀಕರಿಗೆ ಹಲವು ಬಾರಿ ಹೇಳಿದ್ದರೂ ಅವರ ಗಮನವೆಲ್ಲ ‘ಅರ್ಜೆಂಟ್’ ಮೊಹರಿನ ಮೇಲೆಯೇ ಇರುತ್ತದೆ. ಹಾಗಾಗಿ ಪಂಚೆ ಕಲೆ ತೆಗೆಯುವ ನನ್ನ ಸ್ಪಾಟಿಂಗ್ ಟೇಬಲ್ಲಿಗೆ ಬಾರದೆ ಬಿಳಿ ಬಟ್ಟೆಗಳ ಲೋಡಿಗೆ ಸೇರಿ, ಬ್ಲೀಚ್ ಕಂಡು, ಒದ್ದೆಯಾಗಿಯೇ ಪ್ರೆಸ್ಸಿನ ಮೇಜಿಗೆ ಹೋಗಿತ್ತು.

ಅಂಚಿನ ಬಳಿ ಬೂದು ಛಾಯೆ ಕಂಡ ಕೂಡಲೇ ಇಸ್ತ್ರಿ ಎತ್ತಿದ್ದ ಹುಡುಗನನ್ನು ತಡೆದೆ. ಗಿರಾಕಿ ಆಗಲೇ ಕೌಂಟರಿನಲ್ಲಿ ಕುಳಿತಿದ್ದರು. ‘ಒತ್ತಿ ಕೊಟ್ಟುಬಿಡಿ, ಕಾಣುವುದಿಲ್ಲ’ ಎಂದು ಮಾಲೀಕರು ಒಳಗೆ ಬಂದು ಹೇಳಿದರು. ಒಪ್ಪಲಿಲ್ಲ. ಇಸ್ತ್ರಿಯ ಕಾವು ತಾಗಿದರೆ ನೂಲಿನಲ್ಲಿ ಉಳಿದ ಎಣ್ಣೆ ಗಟ್ಟಿಯಾಗಿ ಕೂರುತ್ತದೆ. ಓಡಿದ ಎಂಜಿನ್ನಿನ ಆಯಿಲ್ ಕಪ್ಪಾಗುವುದು ಅದರೊಳಗೆ ಬೆರೆತ ಮಸಿಯಿಂದ. ಬ್ಲೀಚ್ ಆ ಮಸಿಯನ್ನೂ ಕರಗಿಸದು, ಎಣ್ಣೆಯನ್ನೂ ಬಿಡಿಸದು. ಬ್ಲೀಚ್ ಪೂರ್ತಿ ಹೋಗುವಂತೆ ಜಾಲಿಸಿ, ಕಲೆಯ ಕೆಳಗೆ ಹಳೆಯ ಟವೆಲ್ ಮಡಚಿಟ್ಟು, ಪಾತ್ರೆ ತೊಳೆಯುವ ದ್ರವ ಸೋಪನ್ನು ಹಿಂಬದಿಯಿಂದ ಬೆರಳಲ್ಲಿ ಒತ್ತುತ್ತ ಕುಳಿತೆ. ಉಜ್ಜಿದರೆ ಮಸಿ ಹರಡುತ್ತದೆ, ಆದ್ದರಿಂದ ಅವಸರಕ್ಕೆ ಅವಕಾಶವಿರಲಿಲ್ಲ. ಟವೆಲ್ಲಿಗೆ ಕಪ್ಪು ಇಳಿದಂತೆಲ್ಲ ಮಡಿಕೆ ಬದಲಿಸಿ, ಹತ್ತಿಯಾದ್ದರಿಂದ ಬಿಸಿನೀರಿನಲ್ಲಿ ತೊಳೆದು, ಮತ್ತೆ ಸೋಪು ಹಚ್ಚಿದೆ. ಎಣ್ಣೆ ಬಿಟ್ಟಿತು, ತೆಳುವಾದ ನೆರಳು ಉಳಿಯಿತು. ಅದನ್ನು ಮುಚ್ಚಿಡದೆ ಗಿರಾಕಿಗೆ ತೋರಿಸಿದಾಗ, ‘ನೆರಿಗೆಯ ಒಳಗೆ ಹೋಗುತ್ತದೆ ಬಿಡಿ’ ಎಂದು ಆ ಹಿರಿಯರು ಸಮಾಧಾನದಿಂದಲೇ ಒಪ್ಪಿದರು.

ಮನೆಯಲ್ಲಿ ಇಂಥ ಕಲೆಯಾದರೆ ಮೊದಲು ಕಾಗದದಿಂದ ಒತ್ತಿ ಎಣ್ಣೆ ಹೀರಿಸಿ, ಟಾಲ್ಕಂ ಪೌಡರ್ ಅಥವಾ ಮೈದಾ ಉದುರಿಸಿಟ್ಟು, ಕೊಡವಿದ ಮೇಲಷ್ಟೇ ಸೋಪು ಹಚ್ಚಬೇಕು. ರೇಷ್ಮೆಯಾದರೆ ನೀರು ಸೋಕಿಸದೆ ತಂದು, ಆಯಿಲ್ ಕಲೆ ಎಂದು ಬಾಯಿಬಿಟ್ಟು ಹೇಳಿ. ಪೆಟ್ರೋಲಿನಿಂದ ಒರೆಸುವುದನ್ನು ನಾನು ಎಂದಿಗೂ ಒಪ್ಪುವುದಿಲ್ಲ: ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೆಯೇ ಹರಿದು ಪಕ್ಕದ ಕೋಣೆಯ ಒಲೆಯನ್ನೂ ತಲುಪಬಲ್ಲದು.

ಹೊರಡುವಾಗ ಆ ಹಿರಿಯರು, ಅಂಗಳದ ಶಹಾಬಾದ್ ಕಲ್ಲಿನ ಮೇಲೂ ಆಯಿಲ್ ಚೆಲ್ಲಿದೆ, ಆಸಿಡ್ ಹಾಕಲೇ ಎಂದು ಕೇಳಿದರು. ಆ ಕಲ್ಲು ಸುಣ್ಣದ ಕಲ್ಲು. ಆಸಿಡ್ ಎಣ್ಣೆಯನ್ನು ಬಿಟ್ಟು ಕಲ್ಲನ್ನೇ ತಿನ್ನುತ್ತದೆ. ಮರದ ಹೊಟ್ಟು ಹರಡಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಗುಡಿಸಿ, ಸೋಪಿನ ಪುಡಿಯನ್ನು ಗಟ್ಟಿಯಾಗಿ ಕಲಸಿ ಬ್ರಷ್‌ನಿಂದ ತಿಕ್ಕಿ ಎಂದು ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಟ್ಟೆ.